ಹಸುವಿನ ಅಳತೆಯ ಬಾಗಿಲು

ನಮ್ಮ ಮನೆಯ ಮುಂಬಾಗಿಲು ಹಸುವಿನ ಅಳತೆಯದು. ವಿಜಯನಗರದಲ್ಲಿ ಆ ಕಾಲಕ್ಕೆ ಎದ್ದ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ಮುಂದೆ ಗ್ರಿಲ್ ಹಾಕಿದ ಸಣ್ಣ ವರಾಂಡ, ಒಂದು ಹಾಲ್, ಎರಡು ರೂಮು, ಹಿಂದೆ ಸಂಪು ಮತ್ತು ಬಟ್ಟೆ ಒಗೆಯುವ ಕಲ್ಲು. ಮೇಸ್ತ್ರಿ ಎಲ್ಲರ ಮನೆಗೂ ಇಡುತ್ತಿದ್ದ ಬಾಗಿಲನ್ನೇ ನಮಗೂ ಇಡಲು ಹೊರಟಾಗ ಅಜ್ಜಿ ಒಪ್ಪಲಿಲ್ಲವಂತೆ. ನಮ್ಮ ತುಂಬು ಗಬ್ಬದ ಹಸು ಲಚ್ಚಿಯನ್ನು ಹಗ್ಗ ಹಿಡಿದು ಕರೆತಂದು, ಪಾಯದ ಮೇಲೆ ನೆಟ್ಟ ಎರಡು ಗಳುಗಳ ನಡುವೆ ನಿಲ್ಲಿಸಿ, ಹೊಟ್ಟೆಯ ಎರಡೂ ಕಡೆ ಕೈ ಆಡಿಸಿ ಜಾಗ ಬಿಡಿಸಿದಳು. ಈ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಲಚ್ಚಿಯ ಬಾಯಿಂದ ಇಳಿಯುತ್ತಿದ್ದ ಜೊಲ್ಲು, ಮೇಸ್ತ್ರಿ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕೂಡ ಕಾಣುತ್ತದೆ. ಆದರೆ ತಂಗಿ ಸುಮ ಹೇಳುವುದು ಬೇರೆ: ಆ ಹೊತ್ತಿಗೆ ನಾನು ಸ್ಕೂಲಿನಲ್ಲಿದ್ದೆ, ಅಜ್ಜಿ ಹೇಳಿದ ಕತೆಗೆ ಬಣ್ಣ ಬಳಿದು ನನ್ನದೆಂದು ಇಟ್ಟುಕೊಂಡಿದ್ದೇನೆ. ಇರಬಹುದು. ರೋಗದ ಚರಿತ್ರೆ ಹೇಳುವ ಹಸುವಿನ ಒಡೆಯರನ್ನು ಪೂರ್ತಿ ನಂಬಬೇಡಿ ಎಂದು ನಾನೇ ವಿದ್ಯಾರ್ಥಿಗಳಿಗೆ ಬಹಳ ವರ್ಷ ಪಾಠ ಮಾಡಿದ್ದೇನೆ. ನನ್ನ ಮಾತಿಗೂ ಅದೇ ನಿಯಮ. ಬಾಗಿಲು ಮಾತ್ರ ಅಲ್ಲೇ ಇದೆ. ಈಗ ಆ ಮನೆಯಲ್ಲಿ ಸುಮಳ ಸಂಸಾರವಿದೆ. ಫ್ರಿಜ್ ತಂದವರು, ಸೋಫಾ ತಂದವರು ಎಲ್ಲರೂ ಒಂದು ಸಲ ನಿಂತು ಆ ಬಾಗಿಲನ್ನು ಹೊಗಳಿ ಹೋಗುತ್ತಾರೆ.

ಅಷ್ಟು ಅಗಲ ಬೇಕಾಗಿತ್ತು, ಏಕೆಂದರೆ ಹಿತ್ತಲ ಕೊಟ್ಟಿಗೆಗೆ ಬೇರೆ ದಾರಿಯೇ ಇರಲಿಲ್ಲ. ಅಜ್ಜಿಯ ಹಳ್ಳಿ ಬಡಾವಣೆಯೊಳಗೆ ಕರಗಿ ಹೋಗಿತ್ತು. ಹೊಲದ ಬದಲಿಗೆ ಸೈಟು ಬಂತು, ಸೈಟಿನ ತುಂಬ ಮನೆ ಬಂತು, ಪಕ್ಕದಲ್ಲಿ ಬಿಟ್ಟ ಓಣಿಯಲ್ಲಿ ಮನುಷ್ಯನೂ ಅಡ್ಡ ತಿರುಗಿಯೇ ನಡೆಯಬೇಕು. ಹಾಗಾಗಿ ಲಚ್ಚಿ ದಿನಾ ಬೆಳಿಗ್ಗೆ ಕೊಟ್ಟಿಗೆಯಿಂದ ಹೊರಟು, ಬಚ್ಚಲುಮನೆಯ ಹಂಡೆಯನ್ನು ಸವರಿಕೊಂಡು, ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತು ಮೂಸಿ, ಹಾಲ್ ದಾಟಿ ಬೀದಿಗೆ ಇಳಿಯುತ್ತಿದ್ದಳು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಭಾನುವಾರ ಸಂಜೆ ಟೀವಿಯಲ್ಲಿ ಸಿನಿಮಾ ಬರುವಾಗ ಅಕ್ಕಪಕ್ಕದ ಮನೆಯವರೂ ಬಂದು ನೆಲದ ಮೇಲೆ ಕೂತಿರುತ್ತಿದ್ದರು. ಎಲ್ಲರೂ ಕಾಲು ಮಡಚಿ ದಾರಿ ಬಿಡಬೇಕು. ಲಚ್ಚಿ ದಾಟುವವರೆಗೆ ನಾಯಕಿಯ ಅಳು ಕೇಳಿಸುತ್ತಿತ್ತು, ಮುಖ ಕಾಣಿಸುತ್ತಿರಲಿಲ್ಲ. ಅವಳ ಹಿಂದೆಯೇ ಅಮ್ಮ, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ನೆಲ ಒರೆಸುವ ಬಟ್ಟೆ. ಅಮ್ಮ ರಾಜಾಜಿನಗರದ ಗುಮಾಸ್ತರ ಮನೆಯಿಂದ ಬಂದವಳು. ಅವಳ ತವರಿನಲ್ಲಿ ಹಾಲು ಬಾಟಲಿಯಲ್ಲಿ ಬರುತ್ತಿತ್ತು. ನಮ್ಮ ಮನೆಯ ಕೆಂಪು ನೆಲವನ್ನು ಅವಳು ಕನ್ನಡಿಯಂತೆ ಇಟ್ಟುಕೊಂಡಿದ್ದಳು, ಆ ಕನ್ನಡಿಯ ಮೇಲೆ ದಿನಕ್ಕೆ ಎರಡು ಸಲ ಗೊರಸು ಬೀಳುತ್ತಿತ್ತು.

“ಅತ್ತೆ, ಇದು ಮನೆನೋ ಕೊಟ್ಟಿಗೆನೋ, ಒಂದು ಹೇಳ್ಬಿಡಿ.”

“ಗೃಹಪ್ರವೇಶದಲ್ಲಿ ಇದೇ ಹಸೀಗೆ ಅರಿಸಿನ ಕುಂಕುಮ ಇಕ್ಕಿ, ಕಾಲಿಗೆ ಬಿದ್ದು ಒಳೀಕ್ ಕರ್ಕೊಂಡೋಳು ಯಾರವ್ವ? ಒಂದಿನ ಹೊಕ್ರೆ ಲಕ್ಷ್ಮಿ, ದಿನಾ ಹೊಕ್ರೆ ದನವಾ?”

ಅಮ್ಮ ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ ಮತ್ತೆ ನೆಲಕ್ಕೆ ಬಾಗಿದಳು.

ಸುತ್ತಮುತ್ತ ಮನೆಗಳು ಏಳುತ್ತಿದ್ದ ಕಾಲ ಅದು. ಆರ್‌ಪಿಸಿ ಲೇಔಟ್, ಬಸವೇಶ್ವರನಗರ, ಕಾಮಾಕ್ಷಿಪಾಳ್ಯದ ಆಚೆ ಈಚೆ, ಎಲ್ಲಿ ನೋಡಿದರೂ ಮರಳಿನ ರಾಶಿ, ತೋರಣ, ಶಾಮಿಯಾನ. ಹೊಸ ಮನೆಗೆ ಮೊದಲು ಹಸು ಹೊಗಬೇಕು, ಕರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆದರೆ ಆ ಹೊಸ ಮನೆಗಳು ಎದ್ದಿದ್ದೇ ದನ ಮೇಯುವ ಜಾಗದಲ್ಲಿ, ಹಾಗಾಗಿ ಹಸುಗಳೇ ಕಡಿಮೆಯಾಗಿದ್ದವು. ಲಚ್ಚಿಗೆ ಬೇಡಿಕೆ ಬಂತು. ಅಜ್ಜಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕರೆದುಕೊಂಡು ಹೋಗುವ ಕೆಲಸ ನನ್ನದು. ಹೈಸ್ಕೂಲಿನಿಂದ ಪಿಯುಸಿ ಮುಗಿಯುವವರೆಗೆ ನಾನು ಅಪರಿಚಿತರ ಎಷ್ಟೋ ಮನೆಗಳಿಗೆ ಅವರಿಗಿಂತ ಮೊದಲು ಕಾಲಿಟ್ಟಿದ್ದೇನೆ. ಹಸು ಮೆಟ್ಟಿಲು ಹತ್ತುವಾಗ ಹಗ್ಗ ಎಳೆಯಬಾರದು, ಸಡಿಲ ಬಿಡಬೇಕು. ಹೊಸ್ತಿಲಲ್ಲಿ ಅದು ನಿಂತು ನೋಡುತ್ತದೆ, ನೋಡಲು ಬಿಡಬೇಕು. ಕರುವನ್ನು ಮುಂದೆ ಬಿಡದೆ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಇಷ್ಟಲ್ಲದೆ ಅಜ್ಜಿ ಇನ್ನೊಂದು ವಿದ್ಯೆ ಕಲಿಸಿದ್ದಳು. ಹಸು ಹೊಸ ಮನೆಯೊಳಗೆ ಗಂಜಲ ಹೊಯ್ದರೆ ಶುಭ. ಅದಕ್ಕಾಗಿ ಮನೆಯವರು ತಾಮ್ರದ ಚೆಂಬು ಹಿಡಿದು ಕಾಯುತ್ತಾರೆ. ಬಾಲ ಎತ್ತಿ, ಅದರ ಬುಡದ ಕೆಳಗೆ ಮೆತ್ತನೆಯ ಚರ್ಮವನ್ನು ಬೆರಳ ತುದಿಯಿಂದ ಮೇಲೆ ಕೆಳಗೆ ನವಿರಾಗಿ ಸವರುತ್ತಿದ್ದರೆ ಹಸು ಬೆನ್ನು ಬಾಗಿಸುತ್ತದೆ, ಆಮೇಲೆ ಹೊಯ್ಯುತ್ತದೆ. ನಾನು ಸವರುವುದು ಯಾರಿಗೂ ಕಾಣಬಾರದು ಎಂಬುದು ಅಜ್ಜಿಯ ಷರತ್ತು. ದೇವರಲ್ಲಿ ನನಗಿದ್ದ ಮೊದಲ ಸಂಶಯ ಹುಟ್ಟಿದ್ದು ಬಹುಶಃ ಅಲ್ಲಿಯೇ, ಲಚ್ಚಿಯ ಬಾಲದ ಮರೆಯಲ್ಲಿ. ಜನ ಕೈಮುಗಿಯುತ್ತಿದ್ದರು. ನನ್ನ ಬೆರಳು ನೋಯುತ್ತಿತ್ತು.

ಪಿಯುಸಿ ಫಲಿತಾಂಶ ಬಂದಾಗ ಮೆಡಿಕಲ್ ಸೀಟಿಗೆ ನನ್ನ ಅಂಕ ಸಾಲಲಿಲ್ಲ. ಊರಿನ ಇನ್ನೊಂದು ತುದಿಯ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಸೇರಲು ಸೋಮವಾರ ಕೊನೆಯ ದಿನ. ಮನೆಯಲ್ಲಿ ಆ ವಾರವೆಲ್ಲ ಊಟಕ್ಕೆ ಕೂತರೆ ಜಗಳ. ನಾವು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದೆವು. ಅಮ್ಮ ಮುದ್ದೆ ತಿರುವುತ್ತಲೇ ವಾದ ಮಾಡುವಳು, ವಾದ ಬಿಸಿಯಾದಷ್ಟೂ ಮುದ್ದೆ ನುಣ್ಣಗಾಗುತ್ತಿತ್ತು.

“ಇನ್ನೊಂದು ವರ್ಷ ಕೂತ್ಕೊಂಡು ಮತ್ತೆ ಪರೀಕ್ಷೆ ಬರಿ. ಮನುಷ್ಯರ ಡಾಕ್ಟ್ರಾಗು. ದನದ ಡಾಕ್ಟ್ರಿಗೆ ಯಾರೋ ಹೆಣ್ಣು ಕೊಡ್ತಾರೆ?”

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಪಾಳಿ ಮುಗಿಸಿ ದಣಿದು ಬಂದಿರುತ್ತಿದ್ದರು.

“ಓದ್ದೇ ಇದ್ರೆ ದನ ಕಾಯೋಕ್ ಹೋಗ್ತೀಯ ಅಂತ ಚಿಕ್ಕಂದಿನಿಂದ ಬೈದೆ. ಇವ್ನು ನೋಡಿದ್ರೆ ಓದಿ ದನ ಕಾಯೋಕೆ ಹೋಗ್ತೀನಿ ಅಂತಾನೆ.”

ಅಜ್ಜಿಯಾದರೂ ನನ್ನ ಕಡೆ ಇರುತ್ತಾಳೆ ಅಂದುಕೊಂಡಿದ್ದೆ. ಅವಳು ಸಾರಿನಲ್ಲಿ ಮುದ್ದೆ ಅದ್ದುತ್ತ ತಲೆಯೇ ಎತ್ತಲಿಲ್ಲ.

“ದನ ನೋಡ್ಕೊಳ್ಳೋಕೆ ಕಾಲೇಜು ಯಾಕ್ಲಾ? ನಾನ್ಯಾವ ಕಾಲೇಜಿಗ್ ಹೋಗಿದ್ದೆ? ಸುಮ್ನೆ ನಿಮ್ಮವ್ವ ಹೇಳ್ದಂಗ್ ಕೇಳು. ಮನುಷ್ರಿಗೇ ಬುದ್ಧಿ ಕಮ್ಮಿ, ಅವ್ರಿಗೇ ಡಾಕ್ಟ್ರು ಬೇಕಿರೋದು.”

ಬೀದಿಯ ಗೆಳೆಯರಂತೂ ಥರ್ಮಾಮೀಟರ್ ವಿಷಯ ಹಿಡಿದುಕೊಂಡಿದ್ದರು. “ಮಗಾ, ಬಾಯಿಗ್ ಇಡ್ತೀಯೋ ಹಿಂದಕ್ ಇಡ್ತೀಯೋ? ಒಂದೇ ಇಟ್ಕೊಂಡು ನಮ್ಗೂ ಅದನ್ನೇ ಇಡ್ಬೇಡ ಗುರು.” ನಾನು ನಗುತ್ತಿದ್ದೆ. ಆದರೆ ನನಗೆ ಏನು ಬೇಕು ಎಂದು ಯಾರಾದರೂ ನೆಟ್ಟಗೆ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಚಿಕ್ಕಂದಿನಿಂದಲೂ ಪ್ರಾಣಿಗಳ ಮೇಲೆ ಪ್ರೀತಿ ಎಂದು ಸನ್ಮಾನದ ಸಭೆಗಳಲ್ಲಿ ನನ್ನ ಬಗ್ಗೆ ಹೇಳುತ್ತಾರೆ. ಲಚ್ಚಿಯ ಮೇಲೆ ನನಗಿದ್ದದ್ದು ಪ್ರೀತಿಗಿಂತ ಹೆಚ್ಚಾಗಿ ಪರಿಚಯ. ಅಮ್ಮನ ಮಾತಿಗೆ ಒಪ್ಪಿ, ಇನ್ನೊಂದು ವರ್ಷ ಮನೆಯಲ್ಲಿ ಕೂರುವ ಕಡೆಗೇ ಮನಸ್ಸು ವಾಲಿತ್ತು ಎಂದು ಈಗ ಅನಿಸುತ್ತದೆ.

ಆ ಭಾನುವಾರ ಬೆಳಿಗ್ಗೆ ಅನಂತಯ್ಯ ಡಾಕ್ಟರ ಗೃಹಪ್ರವೇಶ. ಅವರು ನಮ್ಮ ಕುಟುಂಬದ ಡಾಕ್ಟರು. ನನ್ನ ದಡಾರಕ್ಕೆ, ಸುಮಳ ಕೆಮ್ಮಿಗೆ, ಅಪ್ಪನ ಬೆನ್ನಿಗೆ ಅವರದೇ ಕೆಂಪು ಮಿಕ್ಸ್ಚರ್. ಆರ್‌ಪಿಸಿ ಲೇಔಟಿನಲ್ಲಿ ದೊಡ್ಡ ಮನೆ ಕಟ್ಟಿಸಿದ್ದರು. ಲಚ್ಚಿಯನ್ನು ಕೇಳಿಕೊಂಡು ಅವರೇ ಬಂದಿದ್ದರು. ಅಮ್ಮ ಅಂದು ರೇಷ್ಮೆ ಸೀರೆ ಉಟ್ಟು ಅಜ್ಜಿ, ಸುಮ ಮತ್ತು ನನ್ನೊಂದಿಗೆ ಹೊರಟಳು. ಊಟವಾದ ಮೇಲೆ ಡಾಕ್ಟರ ಮುಂದೆ ನನ್ನನ್ನು ನಿಲ್ಲಿಸಿ, “ಇನ್ನೊಂದು ವರ್ಷ ಓದು” ಎಂದು ಅವರ ಬಾಯಿಂದ ಹೇಳಿಸುವುದು ಅವಳ ಉದ್ದೇಶ.

ಆ ಮನೆಯ ನೆಲ ಹಸಿರು ಬಣ್ಣದ ಮೊಸಾಯಿಕ್. ಸುಮ ಬೂದು ಬಣ್ಣ ಎನ್ನುತ್ತಾಳೆ. ಪಾಲಿಶ್ ಹಾಕಿ ಎರಡು ದಿನವೂ ಆಗಿರಲಿಲ್ಲ. ತೋರಣದ ಮಾವಿನೆಲೆ ಅದರಲ್ಲಿ ಕಾಣುತ್ತಿತ್ತು. ನಾನು ಹೊಸ್ತಿಲಲ್ಲಿ ಲಚ್ಚಿಗೆ ನೋಡಲು ಬಿಟ್ಟು ನಿಂತಿದ್ದೆ. ಅಷ್ಟರಲ್ಲಿ ಯಾರೋ ಉತ್ಸಾಹದ ನೆಂಟರು, ಮುಹೂರ್ತ ಮೀರುತ್ತದೆಂದು ಕರುವನ್ನು ಒಳಗೆ ತಳ್ಳಿದರು. ಕರು ಹಾಲ್‌ನ ತುದಿಗೆ ಜಾರುತ್ತ ಓಡಿ, ಹೆದರಿ ಕೂಗಿತು. ಲಚ್ಚಿ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡು ಒಳಗೆ ನುಗ್ಗಿದಳು. ಹಿಂಗಾಲು ಎರಡೂ ಎರಡು ದಿಕ್ಕಿಗೆ ಜಾರಿದವು. ಮಡಿಕೆ ಒಡೆದಂಥ ಸದ್ದು ಬಂತೆಂದು ನೆನಪು. ಸದ್ದು ಬಂದಿರಲಾರದು, ಏಕೆಂದರೆ ಏನೂ ಮುರಿದಿರಲಿಲ್ಲ. ಅದು ಗೊತ್ತಾದದ್ದು ಆಮೇಲೆ. ಆಗ ಕಂಡದ್ದು ಇಷ್ಟೇ: ಹೊಸ ಮನೆಯ ನಡುವೆ ಹಸು ಕಪ್ಪೆಯ ಹಾಗೆ ಬಿದ್ದಿದೆ, ಏಳಲು ಹೋಗುತ್ತದೆ, ಮತ್ತಷ್ಟು ಜಾರುತ್ತದೆ.

ಗೃಹಪ್ರವೇಶದ ಹಸು ಒಳಗೇ ಸತ್ತರೆ ಆ ಮನೆಯಲ್ಲಿ ಯಾರು ಬಾಳುತ್ತಾರೆ? ಎಲ್ಲರ ಮುಖದಲ್ಲೂ ಅದೇ ಇತ್ತು. ನಾಲ್ಕು ಜನ ಬಾಲ ಹಿಡಿದು ಎತ್ತಲು ಹೋದರು. ಅಜ್ಜಿ ಕೂಗಿ ಅವರನ್ನು ಬಿಡಿಸಿ, ಲಚ್ಚಿಯ ಪಕ್ಕ ಕುಸಿದು ಕೂತಳು. ಅನಂತಯ್ಯ ಡಾಕ್ಟರು ಮಡಿಪಂಚೆಯಲ್ಲೇ ಮಂಡಿಯೂರಿ ಲಚ್ಚಿಯ ಕಿವಿ ಮುಟ್ಟಿದರು, ಕೈ ಹಿಂದೆಗೆದುಕೊಂಡರು. “ನನಗೆ ಇದರಲ್ಲಿ ಏನೂ ಗೊತ್ತಾಗಲ್ಲಮ್ಮಾ, ದನದ ಡಾಕ್ಟ್ರನ್ನ ಕರೆಸೋಣ” ಎಂದರು. ಯಾರೋ ಸ್ಕೂಟರ್ ಹತ್ತಿ ಹೋದರು.

ಮುನಿರಾಜು ಎಂಬ ಆ ಪಶುವೈದ್ಯರು ಭಾನುವಾರದ ರಜೆಯಲ್ಲಿದ್ದವರು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಲೇ ಬಂದರು. ದಪ್ಪ ಆಸಾಮಿ, ದೊಡ್ಡ ದನಿ. ಬಂದವರೇ ಹಸುವನ್ನು ನೋಡಲಿಲ್ಲ, ನೆಲ ನೋಡಿದರು. ಆಮೇಲೆ ಕೂತು ಲಚ್ಚಿಯ ಸೊಂಟದಿಂದ ಗೊರಸಿನವರೆಗೆ ಎರಡೂ ಕಾಲನ್ನು ಒತ್ತಿ, ಮಡಚಿ, ಬಿಡಿಸಿ, ಕಿವಿಗೊಟ್ಟು ಕೇಳಿದರು.

“ಮೂಳೆ ಮುರಿದಿಲ್ಲ. ಹೊರಗಡೆ ಮರಳು ಐತಲ್ಲ, ತಂದು ಸುರೀರಿ. ಸಿಮೆಂಟಿನ ಗೋಣಿಚೀಲ ಇದ್ರೆ ಅದರ ಮೇಲೆ ಹಾಸಿ.”

ಡಾಕ್ಟರ ಹೆಂಡತಿ ಬಾಗಿಲಿಗೆ ಅಡ್ಡ ಬಂದರು. “ಮರಳಾ? ಪಾಲಿಶ್ ಎಲ್ಲಾ ಹೋಗ್ಬಿಡುತ್ತೆ ಸಾರ್!”

“ಪಾಲಿಶ್ ಇರೋದಕ್ಕೇ ತಾಯಿ ಇವಳು ಬಿದ್ದಿರೋದು.”

ಮರಳು ಬಂತು. ಅವರು ಟವೆಲಿನಿಂದ ಹಿಂಗಾಲುಗಳನ್ನು ನಡುವೆ ಸ್ವಲ್ಪ ಜಾಗ ಬಿಟ್ಟು ಒಂದಕ್ಕೊಂದು ಕಟ್ಟಿದರು, ಮತ್ತೆ ಕಾಲು ಅಗಲಕ್ಕೆ ಜಾರದಂತೆ. ನಾವೆಲ್ಲ ಸೇರಿ ಅವಳನ್ನು ಗೋಣಿಯ ಮೇಲೆ ಹೊರಳಿಸಿ ಎದೆಯ ಮೇಲೆ ಕೂರುವಂತೆ ಮಾಡಿದೆವು. ನಾನು ಕೊಂಬು ಹಿಡಿದು ಎತ್ತಲು ಹೊರಟೆ.

“ಬಲ ಹಾಕ್ಬೇಡಪ್ಪ. ನಿನ್ನಂಥೋರು ಆರು ಜನ ಬಂದ್ರೂ ಅವಳ ತೂಕಕ್ಕೆ ಬರಲ್ಲ. ಎಬ್ಬಿಸೋದು ನಮ್ಮ ಕೆಲ್ಸ ಅಲ್ಲ. ಏಳೋಕೆ ನೆಲ ಮಾಡ್ಕೊಡೋದು ನಮ್ಮ ಕೆಲ್ಸ. ನೀನು ತಲೆ ಹತ್ರ ಸುಮ್ನೆ ಕೂತ್ಕೊ. ಸ್ವಾಮಿ, ನಿಮ್ಮ ಹೋಮ ಎಲ್ಲಿಗ್ ಬಂತು? ನಡೆಸಿ. ಊಟ ಬಡಿಸಿ. ಅವಳಿಗೆ ಮನಸ್ಸು ಬಂದಾಗ ಏಳ್ತಾಳೆ.”

ಪುರೋಹಿತರು ಬುದ್ಧಿವಂತರು. ಗಂಟಲು ಸರಿ ಮಾಡಿಕೊಂಡು, “ಹಸು ಕೂತಿದೆ ಅಂದ್ರೆ ಲಕ್ಷ್ಮಿ ಈ ಮನೇಲಿ ಸ್ಥಿರವಾಗಿ ಕೂತ ಹಾಗೆ” ಎಂದರು. ಜನಕ್ಕೆ ಉಸಿರು ಬಂತು. ಹೋಮ ನಡೆಯಿತು. ಆಮೇಲೆ ಲಚ್ಚಿಯ ಸುತ್ತಲೇ ಬಾಳೆ ಎಲೆ ಹಾಸಿ ಪಂಕ್ತಿ ಹಾಕಿದರು. ಕೋಸಂಬರಿ, ಹುಳಿ, ಹೋಳಿಗೆ ಬಡಿಸುವವರು ಅವಳ ಕೊಂಬನ್ನು ಬಳಸಿಕೊಂಡು ಹೋಗುತ್ತಿದ್ದರು. ನನ್ನ ಎಲೆ ಅವಳ ಮೂತಿಯ ಪಕ್ಕದಲ್ಲಿತ್ತು; ಎಲೆಯ ತುದಿಯನ್ನು ಅವಳು ಹರಿದು ತಿಂದಳು. “ತಿಂತಾವಳೆ!” ಎಂದು ಅಜ್ಜಿ ಕೂಗಿದಳು. ಇಡೀ ಪಂಕ್ತಿ ತಿನ್ನುವುದನ್ನು ಬಿಟ್ಟು ಅವಳು ತಿನ್ನುವುದನ್ನೇ ನೋಡಿತು.

ಮಜ್ಜಿಗೆ ಬಡಿಸುವ ಹೊತ್ತಿಗೆ ಲಚ್ಚಿ ಮೊಣಕಾಲಿನ ಮೇಲೆ ಒಮ್ಮೆ ಮುಂದಕ್ಕೆ ತೂಗಿ, ಹಿಂಭಾಗ ಎತ್ತಿ, ನಡುಗುತ್ತ ನಿಂತುಬಿಟ್ಟಳು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಕೈಯೆಲ್ಲ ಎಂಜಲು. ಪುರೋಹಿತರು ತಾಮ್ರದ ಚೆಂಬು ಹಿಡಿದು ನನ್ನತ್ತ ನೋಡಿದರು; ಎಷ್ಟೋ ಮನೆಗಳಲ್ಲಿ ನನ್ನನ್ನು ನೋಡಿದ್ದ ಅವರಿಗೆ ನನ್ನ ವಿದ್ಯೆ ಗೊತ್ತಿತ್ತೋ ಏನೋ. ನಾನು ಬಾಲ ಎತ್ತಿ, ಈ ಸಲ ಎಲ್ಲರ ಎದುರಿಗೇ, ಬೆರಳಿನಿಂದ ಸವರಿದೆ. ಲಚ್ಚಿ ಬೆನ್ನು ಬಾಗಿಸಿದಳು. ಮುನಿರಾಜು ಅವರು ಅಡುಗೆಮನೆಗೆ ಕೈ ಚಾಚಿ, ಸಿಕ್ಕಿದ ಗಾಜಿನ ಲೋಟ ತಂದು ಚೆಂಬಿನ ಪಕ್ಕದಲ್ಲೇ ಹಿಡಿದರು. “ಅಯ್ಯೋ, ಹೊಸ ಸೆಟ್ಟು!” ಎಂದು ಡಾಕ್ಟರ ಹೆಂಡತಿ ಹಣೆ ಚಚ್ಚಿಕೊಂಡರು. ಅರ್ಧ ಧಾರೆ ಚೆಂಬಿಗೆ, ಅರ್ಧ ಲೋಟಕ್ಕೆ. ಪುರೋಹಿತರು ತಮ್ಮ ಪಾಲನ್ನು ಮಾವಿನೆಲೆಯಿಂದ ಮೂಲೆಮೂಲೆಗೆ ಚಿಮುಕಿಸುತ್ತ ಹೋದರು. ಮುನಿರಾಜು ಅವರು ತಮ್ಮ ಪಾಲನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು.

“ಕಾಫಿ ಬಣ್ಣ ಬಂದಿದ್ರೆ ಕಷ್ಟ ಇತ್ತು. ಬಿದ್ದಾಗ ಒಳಗೆ ಮಾಂಸಖಂಡ ಜಜ್ಜಿ ಹೋಗಿದ್ರೆ ಅದು ಇಲ್ಲಿ ಇಳಿಯುತ್ತೆ. ನೋಡಿ, ತಿಳಿಯಾಗಿದೆ. ಉಳಕೊಂಡ್ಳು.”

ಅನಂತಯ್ಯ ಡಾಕ್ಟರು ಎಲೆ ಬಿಟ್ಟು ಎದ್ದು ಬಂದು ಲೋಟದ ಪಕ್ಕ ಕಣ್ಣಿಟ್ಟರು. “ಮನುಷ್ಯರಲ್ಲೂ ಹೀಗೇ ಡಾಕ್ಟ್ರೇ. ಗೋಡೆ ಕೆಳಗೆ ಸಿಕ್ಕಿಹಾಕ್ಕೊಂಡೋರಲ್ಲಿ ನೋಡಿದೀನಿ” ಎಂದರು. ಇಬ್ಬರೂ ಆ ಲೋಟದ ಮೇಲೆ ತಲೆ ಬಾಗಿಸಿ ಬಹಳ ಹೊತ್ತು ಮಾತಾಡಿದರು. ಐದಾರು ವರ್ಷ ನಾನು ಶುಭವೆಂದು ಹಂಚಿದ ಅದೇ ನೀರು, ಓದಲು ಬಲ್ಲವರಿಂದ ಓದಿಸಿಕೊಳ್ಳುತ್ತಿತ್ತು. ಮುನಿರಾಜು ಅವರು ನನ್ನ ಕಡೆ ತಿರುಗಿ, “ಯಾರಪ್ಪ ನಿಂಗೆ ಹಂಗೆ ಸವರೋದು ಹೇಳ್ಕೊಟ್ಟಿದ್ದು? ನಮ್ಮ ಹುಡುಗ್ರಿಗೆ ಕಾಲೇಜಲ್ಲಿ ಇದನ್ನ ಕಲಿಸೋಕೆ ಸಾಕಾಗುತ್ತೆ” ಎಂದರು. ನಾನು ಅಜ್ಜಿಯನ್ನು ತೋರಿಸಿದೆ. ನಾಳೆ ಆ ಕಾಲೇಜಿಗೆ ಸೇರುತ್ತೇನೆ ಎಂದೂ ಹೇಳಿದೆ. ಬಾಯಿಂದ ಹೊರಬಿದ್ದ ಮೇಲೆಯೇ ಅದು ನಿರ್ಧಾರ ಎಂದು ನನಗೆ ಗೊತ್ತಾದದ್ದು.

ಇಲ್ಲಿ ನಾನು ಒಂದು ಮಾತು ಸೇರಿಸಬೇಕು. ಮಲಗಿ ಎದ್ದ ಹಸು ಯಾರೂ ಮುಟ್ಟದಿದ್ದರೂ ಸಾಮಾನ್ಯವಾಗಿ ಗಂಜಲ ಹೊಯ್ಯುತ್ತದೆ. ಅದು ಅದರ ಅಭ್ಯಾಸ. ನನ್ನ ಬೆರಳಿನಿಂದ ಅಂದು ಏನಾದರೂ ಆಯಿತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಒಂದು ವೃತ್ತಿಗೆ, ಒಂದು ಬದುಕಿಗೆ ಇಷ್ಟು ತೆಳ್ಳನೆಯ ಸಾಕ್ಷ್ಯ ಸಾಕು ಎಂದು ವಿದ್ಯಾರ್ಥಿ ಯಾರಾದರೂ ಬರೆದು ತಂದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೆ ಆಮೇಲಿನ ವರ್ಷಗಳಲ್ಲಿ ಕೆಂಗೇರಿಯ ಆಚೆಯ ಕೊಟ್ಟಿಗೆಗಳಲ್ಲಿ, ಭುಜದವರೆಗೆ ಕೈ ಒಳಗಿಟ್ಟುಕೊಂಡು ಕರುವಿನ ಕಾಲು ಹುಡುಕುವಾಗ, ನಾನು ತಪ್ಪು ಜಾಗಕ್ಕೆ ಬಂದೆನೆಂದು ಒಂದು ಸಲವೂ ಅನಿಸಿಲ್ಲ. ಅದಕ್ಕೆ ಸಾಕ್ಷ್ಯ ಬೇಕಿಲ್ಲ.

ಅಮ್ಮ ಅಂದು ಡಾಕ್ಟರ ಮುಂದೆ ನನ್ನನ್ನು ನಿಲ್ಲಿಸಲಿಲ್ಲ. ಮನುಷ್ಯರ ಡಾಕ್ಟರು ದನದ ಡಾಕ್ಟರನ್ನು “ಡಾಕ್ಟ್ರೇ” ಎಂದದ್ದು ಅವಳ ಕಿವಿಗೆ ಬಿದ್ದಿತ್ತು. ಹೊರಡುವಾಗ ಮುನಿರಾಜು ಅವರು ಸ್ಕೂಟರ್ ಒದೆಯುತ್ತಿದ್ದರೆ ಅವಳು ಹತ್ತಿರ ಹೋದಳು.

“ಸಾರ್, ನೀವು ನಾಯಿ ಬೆಕ್ಕೂ ನೋಡ್ತೀರಾ?”

“ಅದನ್ನ ನೋಡೋರು ಬೇರೆ ಇದಾರೆ ತಾಯಿ. ನಾನು ದೊಡ್ಡದರ ಡಾಕ್ಟ್ರು.”

ಅಮ್ಮ ಆ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಮನೆ ತಲುಪುವ ಹೊತ್ತಿಗೆ ಅದರ ನಡುವಿನ ಅಕ್ಷರಗಳು ಉದುರಿದ್ದವು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ, “ಕೊನೆಗೆ ಯಾವ ಸೀಟು ತಗೊಂಡ್ರಿ?” ಎಂದು ಕೇಳಿದಾಗ ಅಮ್ಮ ತಡವರಿಸಲಿಲ್ಲ.

“ದೊಡ್ಡ ಡಾಕ್ಟ್ರ ಸೀಟು ಕಣ್ರೀ.”

ಲಚ್ಚಿಯನ್ನು ಒಂದೇ ಕಡೆ ಕಟ್ಟದೆ ದಿನಾ ನಾಲ್ಕು ಹೆಜ್ಜೆ ನಡೆಸಬೇಕೆಂದು ಮುನಿರಾಜು ಅವರು ಹೇಳಿದ್ದರು. ಅಪ್ಪ ಆ ಸಂಜೆ ಕೊಟ್ಟಿಗೆಯಿಂದ ಮುಂಬಾಗಿಲವರೆಗೆ ಅಮ್ಮನ ಕೆಂಪು ನೆಲದ ಮೇಲೆ ಗೋಣಿಚೀಲಗಳನ್ನು ಹಾಸಿದರು. ಸೋಮವಾರ ಬೆಳಿಗ್ಗೆ ನಾನು ತಿಂಡಿ ತಿಂದು ಹೊರಡಲು ನಿಂತರೆ, ಎಂದೂ ಹಗ್ಗ ಮುಟ್ಟದ ಅಮ್ಮ ಲಚ್ಚಿಯನ್ನು ಹಿಡಿದು ಗೋಣಿಯ ದಾರಿಯಲ್ಲಿ ಮೆಲ್ಲನೆ ಕರೆತಂದಳು. ಹಗ್ಗವನ್ನು ಸೀರೆಯಿಂದ ಒಂದು ಮೊಳ ದೂರ ಹಿಡಿದಿದ್ದಳು.

“ಹಸು ಮುಖ ನೋಡ್ಕೊಂಡು ಹೋಗು. ಒಳ್ಳೇದು.”

ಲಚ್ಚಿ ಹೊಸ್ತಿಲಿಗೆ ಬಂದು, ತನ್ನ ಅಭ್ಯಾಸದಂತೆ ಹೊರಗೆ ನೋಡುತ್ತ ನಿಂತುಬಿಟ್ಟಳು. ಬಾಗಿಲು ತುಂಬಿ ಹೋಯಿತು. ಅಮ್ಮ ಹಿಂದಿನಿಂದ “ಹೋಗೇ, ಹೋಗಮ್ಮಾ” ಎಂದರೂ ಕದಲಲಿಲ್ಲ. ಬಸ್ಸಿನ ಹೊತ್ತಾಗಿತ್ತು. ಅವಳ ಹೊಟ್ಟೆ ತಾಗದಿರಲೆಂದು ಅಜ್ಜಿ ಪಕ್ಕದಲ್ಲಿ ಬಿಡಿಸಿದ್ದ ಜಾಗವಿತ್ತಲ್ಲ, ಅಷ್ಟರಲ್ಲೇ ಅಡ್ಡ ತಿರುಗಿ, ಅವಳ ಬೆಚ್ಚನೆಯ ಪಕ್ಕೆಗೆ ಉಜ್ಜಿಕೊಂಡು ನಾನು ಹೊರಗೆ ಬಂದೆ. ಒಗೆದ ಬಿಳಿ ಶರ್ಟಿಗೆ ಕೂದಲು ಹತ್ತಿತು. ಕೊಡವಿಕೊಳ್ಳುತ್ತ ಬೀದಿಗೆ ಇಳಿದೆ.

ಮುಂದಿನದನ್ನು ನಾನು ಕಂಡಿಲ್ಲ, ಸುಮ ಹೇಳಿದ್ದು. ನಾನು ಗೇಟು ದಾಟುತ್ತಿದ್ದಂತೆ ಲಚ್ಚಿ ಹೊಸ್ತಿಲ ಮೇಲೇ ಧಾರಾಳವಾಗಿ ಗಂಜಲ ಹೊಯ್ದಳಂತೆ, ಯಾರೂ ಸವರಿರಲಿಲ್ಲ. ಬಕೆಟ್ಟು ಅಮ್ಮನ ಕೈಗೆ ಎಟುಕುವಲ್ಲೇ ಇತ್ತಂತೆ. ನಾನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ಅದನ್ನು ಮುಟ್ಟದೆ, ಹಗ್ಗ ಹಿಡಿದು ನಿಂತೇ ಇದ್ದಳಂತೆ. ಮೊಸಾಯಿಕ್ಕಿನ ಬಣ್ಣವನ್ನೇ ನೆಟ್ಟಗೆ ನೆನಪಿಟ್ಟುಕೊಳ್ಳದ ಸುಮಳ ಮಾತು ಇದು. ಇದನ್ನು ಮಾತ್ರ ನಾನು ನಂಬಿದ್ದೇನೆ.